ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ

ನಮ್ಮ ಹೂವಿನ ಹಿಪ್ಪರಗಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಆಡಿದ ಮಾತು ಅಗಸಿ ದಾಟುವಷ್ಟರಲ್ಲಿ ಮೈಕೈ ತುಂಬಿಕೊಂಡು ಬೇರೆಯೇ ಮಾತಾಗಿರುತ್ತದೆ. ರಿಟೈರ್ ಆದೆನಲ್ಲ, ಒಂದು ಸಣ್ಣ ಮಿಲ್ಲಿಂಗ್ ಮಷೀನು ತರುವ ವಿಚಾರ ಇದೆ ಎಂದು ನಾನು ಚಹಾದಂಗಡಿಯಲ್ಲಿ ಬಾಯಿಬಿಟ್ಟದ್ದು ಸೋಮವಾರ. ಬುಧವಾರ ಮುಂಜಾನೆ ಬಾಗಿಲು ತೆಗೆದರೆ ಗಿರಣಿ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ಮೀಸೆಗೆ ಹಿಟ್ಟು ಹತ್ತಿತ್ತು, ಮುಖ ಸಣ್ಣದಾಗಿತ್ತು.

"ಮಾಸ್ತರ, ನೀವೂ ಗಿರಣಿ ಹಾಕ್ತೀರಂತ. ಊರಾಗ ಬೀಸೂ ಜೋಳರ ಎಷ್ಟ ಅದಾವರೀ? ಅದರಾಗ ನೀವೂ ಪಾಲಿಗೆ ಬಂದ್ರ ನಾ ಏನ ಮಾಡ್ಲಿ?"

"ಕಾಕಾ, ಇದು ಹಿಟ್ಟಿನ ಗಿರಣಿ ಅಲ್ಲ. ಕಬ್ಬಿಣ ಕೆತ್ತೂ ಮಷೀನು."

"ಮತ್ತ ಮಿಲ್ ಅಂದ್ರಂತಲ್ಲ?"

ಕಾಕಾನ ತಕರಾರಿನಲ್ಲಿ ಹುರುಳಿತ್ತು. ಜೋಳ ಬೀಸುವುದಕ್ಕೂ ಕಬ್ಬಿಣ ಕೆತ್ತುವುದಕ್ಕೂ ಇಂಗ್ಲಿಷಿನವರು ಒಂದೇ ಶಬ್ದ ಇಟ್ಟುಕೊಂಡಿದ್ದಾರೆ. ತಪ್ಪು ಅವರದು, ಬೈಸಿಕೊಳ್ಳುವವನು ನಾನು. ಲೇತಿನಲ್ಲಿ ಕಬ್ಬಿಣದ ತುಂಡು ತಿರುಗುತ್ತದೆ, ಹತ್ಯಾರ ನಿಂತಿರುತ್ತದೆ, ಕುಂಬಾರರ ತಿಗರಿಯ ಹಾಗೆ. ಮಿಲ್ಲಿಂಗಿನಲ್ಲಿ ಹಲ್ಲುಳ್ಳ ಹತ್ಯಾರವೇ ತಿರುಗುತ್ತದೆ, ತುಂಡನ್ನು ಮೇಜಿನ ಮೇಲೆ ಬಿಗಿದು ಅದರ ಕೆಳಗೆ ಸರಿಸಬೇಕು ಎಂದೆಲ್ಲ ಬಿಡಿಸಿ ಹೇಳಿದೆ. ಕಾಕಾ ಪೂರ್ತಿ ಕೇಳಿದರು. ಎದ್ದು ಹೋಗುವಾಗ, "ಆದ್ರೂ ಖಾರ ಕುಟ್ಟೂ ಮಷೀನ ಮಾತ್ರ ತರಬ್ಯಾಡ್ರಿ ಮತ್ತ" ಎಂದು ಹೇಳಿಯೇ ಹೋದರು.

ನನಗೆ ಈ ಹುಚ್ಚು ಹತ್ತಿದ್ದಕ್ಕೆ ಕಾರಣವೂ ಒಂದು ಗಿರಣಿಯೇ. ನಾವು ಸಣ್ಣವರಿದ್ದಾಗ ಗಿರಣಿಗೆ ಕರೆಂಟಿನ ಮೋಟರ್ ಇರಲಿಲ್ಲ, ಆಯಿಲ್ ಎಂಜಿನ್ ಇತ್ತು. ಒಂದೇ ಸಿಲಿಂಡರು, ಎರಡೂ ಬದಿಗೆ ಎಮ್ಮೆಯಷ್ಟು ಭಾರದ ಗಾಲಿ, ಮೈಯುದ್ದ ಬೆಲ್ಟು. ಹೊಗೆಕೊಳವೆಯ ತುದಿಗೆ ಒಂದು ತಗಡಿನ ಬಟ್ಟಲು ಸಿಕ್ಕಿಸುತ್ತಿದ್ದರು. ಅದು ಕುಕ್ ಕುಕ್ ಎಂದು ಕೂಗಿತೆಂದರೆ ಮೂರು ಓಣಿಯ ಹೆಣ್ಣುಮಕ್ಕಳು ಜೋಳದ ಬುಟ್ಟಿ ಹೊತ್ತು ಹೊರಡುತ್ತಿದ್ದರು. ಆ ಎಂಜಿನ್ನು ಎಂದೋ ಗುಜರಿಗೆ ಹೋಯಿತು. ಅಂಗೈ ಮೇಲೆ ಕೂರುವಂಥ, ಆದರೆ ನಿಜವಾಗಿ ತಿರುಗುವಂಥ ಅದರ ಮರಿ ಒಂದನ್ನು ಮಾಡಬೇಕೆನ್ನುವುದು ನನ್ನ ಆಸೆ. ಗಿರಣಿ ಮಾಡುವುದಕ್ಕೆ ಗಿರಣಿ ಬೇಕು ಎಂದರೆ ಕಾಕಾ ಮತ್ತೆ ಕಟ್ಟೆಗೆ ಬಂದು ಕೂರುತ್ತಾರೆ. ಹಾಗಾಗಿ ಈ ಮಾತು ಅವರಿಗೆ ಹೇಳಿಲ್ಲ.

ಮೊದಮೊದಲು ನಾನೂ ಜಾಣತನ ಮಾಡಲು ಹೋದೆ. ಮನೆಯಲ್ಲಿ ಒಂದು ಡ್ರಿಲ್ಲಿಂಗ್ ಮಷೀನು ಇತ್ತು. ಅದರ ಕೆಳಗೆ ತುಂಡನ್ನು ಬಿಗಿಹಿಡಿದು ಎರಡೂ ಕಡೆ ಸರಿಯುವ ಒಂದು ವೈಸ್ ಇಟ್ಟುಬಿಟ್ಟರೆ ಅದೇ ಮಿಲ್ಲಿಂಗ್ ಮಷೀನಲ್ಲವೇ ಎಂದುಕೊಂಡೆ. ಅಲ್ಲ. ಡ್ರಿಲ್ಲಿನ ಚಕ್ಕು ಒಂದು ಮೊನಚು ಕಡ್ಡಿಯ ಮೇಲೆ ಬರೀ ಒತ್ತಿ ಕೂರಿಸಿದ್ದು. ಮೇಲಿನಿಂದ ಒತ್ತಿದಷ್ಟೂ ಬಿಗಿಯಾಗುತ್ತದೆ, ಬದಿಯಿಂದ ನೂಕಿದರೆ ಅಲುಗಾಡಿ ಅಲುಗಾಡಿ ಕಳಚುತ್ತದೆ. ನನ್ನದು ಕಳಚಿದಾಗ ತಿರುಗುತ್ತಲೇ ನೆಲಕ್ಕೆ ಬಿತ್ತು, ಬುಗುರಿಯಂತೆ ಅಡುಗೆಮನೆಯ ಹೊಸ್ತಿಲ ತನಕ ಹೋಯಿತು. ಮಾವಿನ ಉಪ್ಪಿನಕಾಯಿಯ ಭರಣಿ ಹೊಸ್ತಿಲಿನ ಆ ಕಡೆ ಇದ್ದುದರಿಂದ ನಾನು ಇಂದಿಗೂ ಈ ಮನೆಯಲ್ಲಿದ್ದೇನೆ. ಬೇರೆ ಮಷೀನು ತರುವುದಕ್ಕೆ ಮನೆಯಾಕೆಯ ಒಪ್ಪಿಗೆ ಸಿಕ್ಕಿದ್ದು ಅವತ್ತೇ.

ನೋಡಲು ಕೂತ ಮೇಲೆ ಗೊತ್ತಾಯಿತು, ಇದು ಕನ್ಯೆ ನೋಡುವುದಕ್ಕಿಂತ ಎತ್ತು ನೋಡುವುದಕ್ಕೆ ಹತ್ತಿರದ ಕೆಲಸ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಖಿಲಾರಿ ಹೋರಿ ನೋಡುವವರನ್ನು ನೋಡಿದ್ದೀರಲ್ಲ? ಬಣ್ಣ, ಕೊಂಬು ನೋಡಿ ಮರುಳಾಗುವವನು ಹೊಸಬ. ತಿಳಿದವನು ಕಾಲು ನೋಡುತ್ತಾನೆ, ಎದೆ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಮಷೀನಿನಲ್ಲಿಯೂ ಅಷ್ಟೇ. ಹಸಿರು ಬಣ್ಣ, ಮಿಣಿಮಿಣಿ ಅನ್ನುವ ಅಂಕಿ ಪರದೆ ಇವೆಲ್ಲ ಕೊಂಬಿಗೆ ಹಚ್ಚಿದ ಬಣ್ಣ. ನೋಡಬೇಕಾದ್ದು ತೂಕ.

ತೂಕದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಮುಲ್ಕ್ ಮೈದಾನ ತೋಪು ಸುಮಾರು 55 ಟನ್ ಇದೆ. ಅದನ್ನು ವಿಜಯಪುರಕ್ಕೆ ಎಳೆದು ತಂದು ಬುರುಜಿನ ಮೇಲೆ ಏರಿಸಿಯೂ ಬಿಟ್ಟರು. ಅದೇ ಜಿಲ್ಲೆಯವನಾದ ನಾನು ಒಂದೂವರೆ ಕ್ವಿಂಟಲ್ ಮಷೀನನ್ನು ಪಾರ್ಸಲ್ ಆಫೀಸಿನಿಂದ ಮನೆಗೆ ಹೇಗೆ ತರುವುದೆಂದು ನಾಲ್ಕು ರಾತ್ರಿ ನಿದ್ದೆಗೆಟ್ಟೆ. ಕಬ್ಬಿಣ ಕೆತ್ತುವಾಗ ಹತ್ಯಾರದ ಒಂದೊಂದು ಹಲ್ಲೂ ತುಂಡಿಗೆ ಗುದ್ದುತ್ತದೆ. ಸಾವಿರ ಸುತ್ತಿನಲ್ಲಿ ನಾಲ್ಕು ಹಲ್ಲು ಎಂದರೆ ನಿಮಿಷಕ್ಕೆ ನಾಲ್ಕು ಸಾವಿರ ಗುದ್ದು. ಆ ಗುದ್ದನ್ನು ನುಂಗುವುದು ಬೀಡುಕಬ್ಬಿಣದ ಮೈತೂಕ ಮಾತ್ರ. ಮೈ ಹಗುರಾದರೆ ಮಷೀನು ನಡುಗುತ್ತದೆ, ಕೆತ್ತಿದ ಮೈಯ ಮೇಲೆ ಕೆರೆಯ ಅಲೆಯಂಥ ಗೆರೆಗಳು ಮೂಡುತ್ತವೆ. ಚೀನಾದಿಂದ ಬರುವ ಐವತ್ತು ಅರವತ್ತು ಕಿಲೋದ ಮರಿಗಳಿವೆ. ಅಲ್ಯೂಮಿನಿಯಂ, ಹಿತ್ತಾಳೆಗೆ ನಡೆಯುತ್ತವೆ, ಉಕ್ಕಿಗೆ ಕೊಂಚ ಕೊಂಚವೇ ಕೆರೆಯುತ್ತ ಕೂರಬೇಕು. ಇನ್ನು ಕೆಲವಕ್ಕೆ ದುಂಡು ಕಂಬ. ತಲೆಯನ್ನು ಮೇಲೆ ಕೆಳಗೆ ಸರಿಸಿದರೆ ಕಂಬದ ಸುತ್ತ ಅದು ತುಸು ಹೊರಳಿಯೂ ಬಿಡುತ್ತದೆ, ಹಿಂದೆ ಹಿಡಿದಿಟ್ಟ ಗುರುತು ಹೋಯಿತು. ಚೌಕ ಕಂಬದ್ದನ್ನೇ ತೆಗೆದುಕೊಳ್ಳಿ. ಇದು ನಾನು ಹಟದಿಂದ ಹೇಳುವ ಮಾತು.

ಆದರೆ ಸಣ್ಣ ಮಷೀನಿಗೆ ಚೀನಾದ ಕಡೆ ನೋಡಬೇಕಾದಾಗ ನನ್ನ ಹೊಟ್ಟೆ ಸ್ವಲ್ಪ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಮಷೀನು ಮಾಡುವ ಮಷೀನನ್ನು ಮಾಡಿದ ನಾಡು ನಮ್ಮದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರ ಕಲಿಯಲು ಮುಂಬಯಿಗೆ ಹೋದರು. ಕೆಲವು ಬಣ್ಣಗಳ ಭೇದ ತಮ್ಮ ಕಣ್ಣಿಗೆ ತಿಳಿಯುವುದಿಲ್ಲ ಎಂದು ಅಲ್ಲಿ ಗೊತ್ತಾಗಿ ಯಂತ್ರಗಳ ನಕ್ಷೆ ಬರೆಯುವ ಕಡೆ ಹೊರಳಿದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆ ಎಂದು ರೈತರು ಆ ನೇಗಿಲನ್ನು ಮೊದಲು ಮುಟ್ಟಲೇ ಇಲ್ಲವಂತೆ. ನನ್ನ ಮಷೀನನ್ನು ಕಂಡು ಕಾಕಾ ಹೆದರಿದ್ದು ಏನೂ ಹೊಸದಲ್ಲ ಅನ್ನಿ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು, ಅದರ ಲೇತುಗಳು ಊರೂರು ಸೇರಿದವು. 1953ರಲ್ಲಿ ಬೆಂಗಳೂರಿಗೆ ಎಚ್‌ಎಂಟಿ ಬಂತು. ಜನಕ್ಕೆ ಅದು ವಾಚಿನ ಕಂಪನಿ, ಹೆಸರಿನಲ್ಲಿ ಮಾತ್ರ ಮಷೀನ್ ಟೂಲ್ಸೇ ಇದೆ, ವಾಚು ಹಿಂದಿನಿಂದ ಬಂದದ್ದು. 1961ರಲ್ಲಿ ಅಲ್ಲಿಯೇ ಬಿಎಫ್‌ಡಬ್ಲ್ಯೂ ಹುಟ್ಟಿತು, ಅದಂತೂ ಮಿಲ್ಲಿಂಗಿಗೇ ಹೆಸರಾದದ್ದು. ಆದರೆ ಇವೆಲ್ಲ ಕಾರ್ಖಾನೆಯ ಆನೆಗಳು. ಹಳೆಯದೊಂದು ಅಗ್ಗಕ್ಕಿದೆ ಎಂದು ಕೇಳಿ ಹುಬ್ಬಳ್ಳಿಗೆ ಹೋಗಿ ನೋಡಿಬಂದೆ. ಮುಟ್ಟಿದರೆ ಕೈಗೆ ತಂಪು, ಹ್ಯಾಂಡಲ್ ತಿರುವಿದರೆ ಬೆಣ್ಣೆ. ತೂಕ ಒಂದು ಟನ್ನಿನ ಮೇಲೆ, ಕರೆಂಟು ತ್ರೀ ಫೇಸು. ನಮ್ಮ ಪಡಸಾಲೆಯಲ್ಲಿ ಅದನ್ನಿಟ್ಟರೆ ನಾವು ಗಂಡ ಹೆಂಡತಿ ದನದ ಕೊಟ್ಟಿಗೆಯಲ್ಲಿ ಮಲಗಬೇಕು.

ಕರೆಂಟಿನದೇ ಒಂದು ಪುರಾಣ. ನಮ್ಮದೇ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟಿನ ವಿದ್ಯುತ್ ಸ್ಥಾವರ ಇದ್ದರೂ ಸಂಜೆ ನಮ್ಮ ಮನೆಯ ಬಲ್ಬು ಬಾಣಂತಿಯ ಹಾಗೆ ಬಿಳಿಚಿಕೊಂಡಿರುತ್ತದೆ. ಸಣ್ಣ ಮಷೀನುಗಳ ವೇಗ ಹಿಡಿತದ ಬೋರ್ಡಿಗೆ ಈ ಏರಿಳಿತ ಆಗುವುದಿಲ್ಲ. ಇದಕ್ಕೆ ದಾರಿ ತೋರಿಸಿದವನು ಪಂಪ್‌ಸೆಟ್ಟು ರಿಪೇರಿ ಮಾಡುವ ನನ್ನ ಹಳೆಯ ವಿದ್ಯಾರ್ಥಿ. "ಸರ, ಒಂದ ಎಚ್‌ಪಿ ತ್ರೀ ಫೇಸ್ ಮೋಟರ್ ಕೂಡ್ರಿಸಿ ವಿಎಫ್‌ಡಿ ಹಾಕೋಣ್ರಿ, ಮನಿ ಸಿಂಗಲ್ ಫೇಸಿನ ಮ್ಯಾಲೇ ತಿರಗತೈತಿ" ಎಂದ. ವಿಎಫ್‌ಡಿ ಎಂದರೆ ಮೋಟರಿನ ವೇಗ ಏರಿಳಿಸುವ ಪೆಟ್ಟಿಗೆ. ಏಳನೇ ಇಯತ್ತೆಯಲ್ಲಿ ನಾನು ಅವನಿಗೆ ವಿಜ್ಞಾನದಲ್ಲಿ ಕೊಟ್ಟ ಅಂಕ ನೆನಪಾಗಿ ಮಾತು ಬೇರೆ ಕಡೆ ತಿರುಗಿಸಿದೆ.

ಕೊನೆಗೆ ಬಂದದ್ದು ಒಂದೂವರೆ ಕ್ವಿಂಟಲಿನ, ಚೌಕ ಕಂಬದ ಒಂದು ಮಷೀನು. ಟಂಟಂ ಗಾಡಿಯಲ್ಲಿ ಬಂತು, ಇಳಿಸಲು ಆರು ಜನ, ನೋಡಲು ಅರವತ್ತು ಜನ. ನಮ್ಮದು ಎರೆಮಣ್ಣಿನ ಊರು. ಬೇಸಿಗೆಯಲ್ಲಿ ಕಾಲು ಸಿಗುವಂಥ ಬಿರುಕು, ಮಳೆಗಾಲದಲ್ಲಿ ಉಬ್ಬಿ ಗೋಡೆಯನ್ನೇ ಎತ್ತುವ ನೆಲ. ತಾಳಿಕೋಟಿ ಪರಸಿ ಹಾಸಿ, ದಪ್ಪ ಸಾಗವಾನಿ ಮೇಜಿನ ಮೇಲೆ ಬಿಗಿದು, ನೀರುಮಟ್ಟ ಇಟ್ಟು ಸರಿಮಾಡಿದೆ. ಯುಗಾದಿಗೆ ಸರಿ ಇದ್ದದ್ದು ಮೃಗಶಿರಾ ಮಳೆಗೆ ವಾಲಿತು. ಈಗ ಮಳೆ ನಕ್ಷತ್ರ ಬದಲಾದಾಗಲೆಲ್ಲ ಮಟ್ಟ ನೋಡುತ್ತೇನೆ. ಪಂಚಾಂಗ ನೋಡಿ ಮಿಲ್ಲಿಂಗ್ ಮಾಡುವವನು ಜಗತ್ತಿನಲ್ಲಿ ನಾನೊಬ್ಬನೇ ಇರಬಹುದು.

ಮಷೀನು ಬಂತು, ಖರ್ಚು ಮುಗಿಯಿತು ಎಂದುಕೊಂಡಿದ್ದೆ. "ಎತ್ತು ತಂದವರು ಹಗ್ಗ, ಮೂಗುದಾರ, ಗೆಜ್ಜಿ, ಬಾರಕೋಲ ತರೂದಿಲ್ಲೇನ್ರಿ?" ಎಂದು ಮನೆಯಾಕೆ ಮೊದಲೇ ಎಚ್ಚರಿಸಿದ್ದಳು. ಅವಳ ಲೆಕ್ಕ ಕಡಿಮೆಯೇ ಆಯಿತು. ಮಷೀನಿಗೆ ಎಷ್ಟು ಕೊಟ್ಟೆನೋ ಹೆಚ್ಚುಕಡಿಮೆ ಅಷ್ಟೇ ಹತ್ಯಾರಕ್ಕೂ ಹೋಗಿದೆ. ಎಂಡ್‌ಮಿಲ್ಲನ್ನು, ಅಂದರೆ ಮಿಲ್ಲಿಂಗಿನ ಹಲ್ಲುಳ್ಳ ಹತ್ಯಾರವನ್ನು, ಡ್ರಿಲ್ ಚಕ್ಕಿನಲ್ಲಿ ಹಿಡಿಯುವಂತಿಲ್ಲ, ನುಣುಪು ಗಟ್ಟಿ ಮೈ, ಜಾರಿ ಕೆಳಗಿಳಿಯುತ್ತದೆ. ಅದಕ್ಕೆ ಸುತ್ತಲೂ ಬಿಗಿಹಿಡಿಯುವ ಕಾಲೆಟ್ ಬೇಕು. ನಾನು ತೆಗೆದುಕೊಂಡದ್ದು ಇಆರ್ 32, ಅದು 20 ಮಿ.ಮೀ. ದಪ್ಪದವರೆಗೂ ಹಿಡಿಯುತ್ತದೆ. ವೈಸಿನಲ್ಲಿ ಜಿಪುಣತನ ಮಾಡಿ ಒಮ್ಮೆ ಮೋಸಹೋದೆ: ಅಗ್ಗದ ವೈಸು ಬಿಗಿದಾಗ ಅದರ ದವಡೆ ಮೇಲೇಳುತ್ತದೆ, ತುಂಡೂ ಜೊತೆಗೇ ಏಳುತ್ತದೆ, ಚೌಕ ಬರಬೇಕಾದದ್ದು ಸೊಟ್ಟ ಬರುತ್ತದೆ. ಸಾಣೆ ಹಿಡಿದ ಒಳ್ಳೆಯ ವೈಸು ಒಂದು, ಬಿಗಿಯುವ ಬೋಲ್ಟು ಪಟ್ಟಿಗಳ ಸೆಟ್ಟು ಒಂದು, ಅಳತೆಯ ಡಯಲ್ ಒಂದು. ಇಷ್ಟಾದರೆ ಮೊದಲ ವರ್ಷಕ್ಕೆ ಸಾಕು. ಉಳಿದದ್ದೆಲ್ಲ ಜೂಲು, ಗೊಂಡೆ.

ಮತ್ತೆ ಹಲ್ಲಿನ ಪ್ರಶ್ನೆ. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಅಂಗಡಿಯವನಿಗೆ, "ಎರಡು ಹಲ್ಲಿನದು ಎರಡು, ನಾಲ್ಕು ಹಲ್ಲಿನದು ಎರಡು ಕಳಿಸ್ರಿ" ಎಂದು ಹೇಳಿದೆ. ಹೋರಿಯ ವಯಸ್ಸನ್ನು ಹಲ್ಲಿನಿಂದ ಲೆಕ್ಕ ಹಾಕುವ ಊರು ನಮ್ಮದು. ಮರುದಿನ ಪಕ್ಕದೋಣಿಯ ಗೌಡರು ಬಂದರು. "ನಾಕ ಹೋರಿ ತರ್ತೀರಂತ? ಹೊಲಾ ಲಾವಣಿ ಕೊಟ್ಟೀರಿ, ಕಟ್ಟೂದ ಎಲ್ಲಿ?" ಎಂಡ್‌ಮಿಲ್ ತೋರಿಸಿದೆ. ಗೌಡರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ನಿಜವಾಗಿಯೂ ಹಲ್ಲು ಎಣಿಸಿದರು. ಎರಡು ಹಲ್ಲಿನದಕ್ಕೆ ಸಂದು ದೊಡ್ಡದು, ಅಲ್ಯೂಮಿನಿಯಂನಂಥ ಮೆತ್ತಗಿನದರ ಸಿಬುರು ಸಲೀಸಾಗಿ ಹೊರಬೀಳುತ್ತದೆ, ತೋಡು ಕೊರೆಯಲು ಅದೇ ಸರಿ. ನಾಲ್ಕು ಹಲ್ಲಿನದು ಗಟ್ಟಿ, ಉಕ್ಕಿಗೆ ಅದು. ಅದರಿಂದ ಅಲ್ಯೂಮಿನಿಯಂ ಕೆತ್ತಿದರೆ ಸಿಬುರು ಹಲ್ಲಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ ಎಂದು ಹೇಳಿದೆ. "ಬರೋಬ್ಬರಿ ಐತಿ" ಎಂದರು ಗೌಡರು, "ಎರಡ ಹಲ್ಲಿಂದು ಹಗುರ ಕೆಲಸಕ್ಕ, ನಾಕ ಹಲ್ಲಿಂದು ಜಡಾ ಕೆಲಸಕ್ಕ. ಬಾಯಿಗೂಡಿದ್ದು ಇಲ್ಲೇನು?" ಮೂರು ಹಲ್ಲಿನದೂ ಇದೆ ಎಂದೆ. ಅದನ್ನು ಮಾತ್ರ ಅವರು ನಂಬಲಿಲ್ಲ.

ಗೌಡರಿಗೆ ನಾನು ಹೇಳಿದ ಇನ್ನೊಂದು ಮಾತು ಅವರಿಗೆ ಬಹಳ ಹಿಡಿಸಿತು. ಎಚ್‌ಎಸ್‌ಎಸ್ ಎನ್ನುವ ಉಕ್ಕಿನ ಹತ್ಯಾರದಿಂದ ಮೆತ್ತಗಿನ ಕಬ್ಬಿಣ ಕೆತ್ತುವಾಗ ಹಲ್ಲಿನ ತುದಿ ನಿಮಿಷಕ್ಕೆ 25 ಮೀಟರ್ ಓಡಿದರೆ ಸಾಕು. 10 ಮಿ.ಮೀ. ಎಂಡ್‌ಮಿಲ್ಲಿಗೆ ಅದು ಹೆಚ್ಚುಕಡಿಮೆ 800 ಸುತ್ತು. ಆದರೆ ಓಟದ ಲೆಕ್ಕ ಹಿಡಿದರೆ ಗಂಟೆಗೆ ಒಂದೂವರೆ ಕಿಲೋಮೀಟರು. ರಂಟೆ ಹೂಡಿದ ಎತ್ತು ಇದಕ್ಕಿಂತ ಬೇಗ ನಡೆಯುತ್ತದೆ. ಅವಸರ ಮಾಡಿದರೆ ಹಲ್ಲು ಸುಟ್ಟು ನೀಲಿಯಾಗುತ್ತದೆ. ಕಾರ್ಬೈಡಿನದು ಶಾಖ ತಡೆಯುತ್ತದೆ, ಆದರೆ ನಡುಗುವ ಹಗುರ ಮಷೀನಿನಲ್ಲಿ ಬಳೆಯ ಹಾಗೆ ಒಡೆಯುತ್ತದೆ. ಹೊಸಬರಿಗೆ ಎಚ್‌ಎಸ್‌ಎಸ್ಸೇ ಲೇಸು.

ತುಂಡನ್ನು ಯಾವ ದಿಕ್ಕಿನಿಂದ ಉಣಿಸಬೇಕೆನ್ನುವುದೂ ನಮ್ಮವರಿಗೆ ಗೊತ್ತಿರುವ ವಿದ್ಯೆಯೇ. ಹಲ್ಲು ತಿರುಗುವ ದಿಕ್ಕಿಗೆ ಎದುರಾಗಿ ತುಂಡನ್ನು ನೂಕಿದರೆ ಏರು ಹತ್ತುವ ಬಂಡಿಯ ಹಾಗೆ, ಭಾರ ಕೈಗೆ ಗೊತ್ತಾಗುತ್ತದೆ. ಅದೇ ದಿಕ್ಕಿನಲ್ಲಿ ನೂಕಿದರೆ ಇಳುಕಲಿನಲ್ಲಿ ಬಂಡಿ ಎತ್ತಿನ ಮೈಮೇಲೆ ಬಂದಂತೆ: ಸ್ಕ್ರೂವಿನಲ್ಲಿರುವ ಸಡಿಲಿನಷ್ಟು ಮೇಜನ್ನೇ ಹಲ್ಲು ಒಮ್ಮೆಲೇ ಎಳೆದುಕೊಳ್ಳುತ್ತದೆ. ನನ್ನ 8 ಮಿ.ಮೀ.ದು ನಾಲ್ಕು ಹಲ್ಲಿನದು ಮುರಿದದ್ದು ಹಾಗೆ. ಆವತ್ತು ಮಷೀನಿನದೂ ತಪ್ಪಿಲ್ಲ, ಹತ್ಯಾರದ್ದೂ ತಪ್ಪಿಲ್ಲ. ಬಂಡಿ ಹೊಡೆದವನದು.

ನಮ್ಮ ಓಣಿಯ ಬಡಿಗೇರ ಅಣ್ಣ ಮಾತ್ರ ಇದಾವುದಕ್ಕೂ ಬೆರಗಾಗಲಿಲ್ಲ. ಅವನ ಲೆಕ್ಕ ಸೂತದ್ದು, ಇಂಚಿಗೆ ಎಂಟು ಸೂತ. ನನ್ನ ಹ್ಯಾಂಡಲಿನ ಒಂದು ಗೆರೆ ಎಂದರೆ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು. ಅವನ ಒಂದು ಸೂತದಲ್ಲಿ ನನ್ನ ಸುಮಾರು 159 ಗೆರೆ ಕೂರುತ್ತವೆ ಎಂದು ಜಂಬದಿಂದ ಹೇಳಿದೆ. ಅವನು ಬೀಡಿ ಆರಿಸಿ, "ಮೂರ ತಾಳಿನ ಕೂರಿಗಿ ಮಾಡಿ ಕೊಟ್ಟೇನ್ರಿ, ಮೂವತ್ತ ವರ್ಷಾತು, ಸಾಲು ಇನ್ನೂ ಹೆಚ್ಚುಕಮ್ಮಿ ಆಗಿಲ್ಲ. ನೀವು ಆ ಗೆರಿ ಹಿಡದು ಏನ ಮಾಡೀರಿ?" ಎಂದ.

ಮಾಡಿದ್ದೇನೆ. ವೈಸ್ ಬಿಗಿಯಲು ನಾಲ್ಕು ನಟ್ಟು, ಕಾಲೆಟ್ ಇಡಲು ತೂತಿನ ಒಂದು ಹಲಗೆ, ಸಿಬುರು ಹಾರದಂತೆ ಒಂದು ಮರೆ, ಹ್ಯಾಂಡಲಿಗೆ ಹೊಸ ಹಿಡಿ. ಹತ್ತು ತಿಂಗಳಲ್ಲಿ ಮಷೀನಿನಿಂದ ಮಾಡಿದ್ದೆಲ್ಲ ಮಷೀನಿಗೇ ಆಗಿದೆ. ಎಂಜಿನ್ನಿನದು ಸದ್ಯಕ್ಕೆ ಸಿಲಿಂಡರಿನ ತುಂಡು ಒಂದೇ, ಆರೂ ಮೈ ಚೌಕ ಬಂದಿದೆ. ಇನ್ನೂ ಕೆತ್ತುವುದಿದೆ, ಹತ್ಯಾರ ಮುರಿದು ಕೂತಿದೆ.

ಬೆಂಗಳೂರಿನಿಂದ ಈ ಕಡೆ ಬರುವವರು ಯಾರಾದರೂ ಇದ್ದರೆ, ಎಸ್.ಜೆ.ಪಿ. ರಸ್ತೆಯಿಂದ 8 ಮಿ.ಮೀ.ದು ನಾಲ್ಕು ಹಲ್ಲಿನದು ಒಂದು ತನ್ನಿ, ದುಡ್ಡು ಇಲ್ಲಿ ಕೊಡುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಗಿರಣಿ ಮಾಸ್ತರರ ಮನೆ ಎಂದು ಕೇಳಿದರೆ ಸಾಕು, ತೋರಿಸುತ್ತಾರೆ.