‘ನನ್ನನ್ನು ಬಬ್ಲಿ ಅನ್ನಬೇಡಿ!’

ಬಸ್ ಸ್ಟ್ಯಾಂಡ್ ಪಕ್ಕದ ಬೀಡಾ ಅಂಗಡಿ. ಕ್ರೇಟಿನಲ್ಲಿ ಕೂತಿದ್ದ ಗೋಲಿ ಸೋಡಾ ಒಂದೇ ಷರತ್ತಿನ ಮೇಲೆ ಮಾತಿಗೆ ಒಪ್ಪಿತು: ಅಲುಗಾಡಿಸಬಾರದು.

ಸಿನಿಮಾ ಪುಟ ತೆರೆದರೆ ಸಾಕು, ನಾಯಕಿ ‘ಬಬ್ಲಿ’. ಈ ಗುಳ್ಳೆ ಮನೆತನದ ಮೂಲಪುರುಷರು ಯಾರು?

ಜೋಸೆಫ್ ಪ್ರೀಸ್ಟ್ಲಿ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಬಿಯರ್ ಹುಳಿಯುವ ತೊಟ್ಟಿಯ ಮೇಲೆ ನೀರು ಹಿಡಿದು ಗಾಳಿ ಬೆರೆಸಿದ ಪುಣ್ಯಾತ್ಮ. ವೃತ್ತಿಯಿಂದ ಪಾದ್ರಿ! ಈ ಗೋಲಿ ಸೀಸೆಯ ಪೇಟೆಂಟು 1872ರದು, ಹೈರಮ್ ಕಾಡ್ ಎಂಬಾತನ ಬುದ್ಧಿ.

ಸದಾ ಇಷ್ಟು ಲವಲವಿಕೆ. ಗುಟ್ಟೇನು?

ಒತ್ತಡ ಸ್ವಾಮಿ, ಬರೀ ಒತ್ತಡ. ತಲೆಕೆಳಗು ಮಾಡಿ ಗಾಳಿ ತುಂಬುತ್ತಾರೆ. ಗೋಲಿ ಕುತ್ತಿಗೆಗೆ ಜಾರುತ್ತದೆ, ಒಳಗಿನ ಗಾಳಿ ಅದನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಅಂದರೆ ನನ್ನ ಬಾಯಿ ಮುಚ್ಚಿರುವುದು ನನ್ನದೇ ಉಸಿರು. ಆಮೇಲೆ ಯಾರೋ ಹೆಬ್ಬೆರಳಿಟ್ಟು ಗುದ್ದುತ್ತಾರೆ. ನಾನು ‘ಭುಸ್’ ಎಂದರೆ, ‘ಆಹಾ, ಎಂಥ ಉತ್ಸಾಹ!’

ವಧು ಬೇಕಾಗಿದೆ ಜಾಹೀರಾತಿನಲ್ಲೂ ನಿಮ್ಮ ಗುಣಕ್ಕೆ ಬೇಡಿಕೆ...

ಹೌದೌದು. ನಗುನಗುತ್ತಾ ನಾಲ್ಕು ಮಾತಾಡುವ ಹುಡುಗಿ ಅಂತ ಮೆಚ್ಚಿ ತರುತ್ತಾರೆ. ಆಷಾಢಕ್ಕೆ ತವರಿಗೆ ಹೋಗಿ ಬರುವಷ್ಟರಲ್ಲಿ ಅವಳೇ ‘ಬಾಯಿಬಡುಕಿ’. ಅಷ್ಟೇ ಮಾತಾಡುವ ಮಗರಾಯ ಮಾತ್ರ ‘ಚುರುಕು’. ಅದಿರಲಿ, ಯಾವ ನಾಯಕನನ್ನಾದರೂ ನಿಮ್ಮ ಪತ್ರಿಕೆ ಬಬ್ಲಿ ಅಂದಿದೆಯೇ? ಐವತ್ತು ದಾಟಿದರೂ ಅವನದು ‘ಎನರ್ಜಿ’. ಅವಳು ಮೂವತ್ತೈದಕ್ಕೇ ‘ಪ್ರಬುದ್ಧ ಪಾತ್ರಗಳತ್ತ’!

ಕಂಪನಿಗಳೂ ‘ಸದಾ ಪುಟಿಯುವ’ ಅಭ್ಯರ್ಥಿಗಳನ್ನೇ ಕೇಳುತ್ತಿವೆಯಲ್ಲ?

ರಾತ್ರಿ ಪಾಳಿಗೆ ತಾನೆ? ನೋಡಿ, ತಣ್ಣಗಿನ ನೀರಲ್ಲಿ ಗಾಳಿ ಹೆಚ್ಚು ಹೊತ್ತು ನಿಲ್ಲುತ್ತದೆ. ಇದು ಅಂಗಡಿ ಹುಡುಗನಿಗೂ ಗೊತ್ತು, ಅದಕ್ಕೇ ನನ್ನನ್ನು ಐಸ್ ಪೆಟ್ಟಿಗೆಯಲ್ಲಿಡುತ್ತಾನೆ. ನಿಮ್ಮ ಮ್ಯಾನೇಜರು ಬಿಸಿಲಲ್ಲಿ ನಿಲ್ಲಿಸಿ ‘ಉಕ್ಕು, ಉಕ್ಕು’ ಅನ್ನುತ್ತಾರೆ. ಉಕ್ಕಿ ಸಪ್ಪೆಯಾದವನಿಗೆ ಎರಡು ದಿನದ ರೆಸಾರ್ಟು, ಹಗ್ಗಜಗ್ಗಾಟ.

ಆದರೆ ಚಿಟಿಕೆ ಉಪ್ಪು ಬಿದ್ದರೆ ನೀವು ಕುಣಿಯುವುದನ್ನು ಕಣ್ಣಾರೆ ಕಂಡಿದ್ದೇವೆ.

ಉಪ್ಪಿನ ಹರಳು ಒರಟು. ಕರಗಿ ಅಡಗಿದ್ದ ಗಾಳಿಗೆ ಅಲ್ಲಿ ಗುಳ್ಳೆ ಕಟ್ಟಲು ಜಾಗ ಸಿಗುತ್ತದೆ, ಒಮ್ಮೆಗೇ ನುಗ್ಗುತ್ತದೆ. ಅದು ಕುಣಿತವಲ್ಲ, ಗುಳೆ. ನೀವು ಇದಕ್ಕೂ ಉಪ್ಪುಖಾರ ಹಚ್ಚಿ ‘ಸಂಭ್ರಮ’ ಅಂತ ಬರೆಯುತ್ತೀರಿ ಬಿಡಿ.

ಕೊನೆಯದಾಗಿ, ಓದುಗರಿಗೆ ನಗುನಗುತ್ತಾ ಒಂದು ಸಂದೇಶ?

ನೋಡಿದಿರಾ, ಮತ್ತೆ ‘ನಗುನಗುತ್ತಾ’!

ಅಷ್ಟರಲ್ಲಿ ಅಂಗಡಿಯವನು ನಡುವೆ ಬಾಯಿ ಹಾಕಿದ: “ಸಾರ್, ಕುಡಿಯೋದಾದ್ರೆ ಒಡೀಲಾ? ಇಲ್ಲಾಂದ್ರೆ ಸೀಸೆ ಅಲ್ಲೇ ಇಡಿ. ಗೋಲಿ ಆಸೆಗೆ ಹುಡುಗ್ರು ಎತ್ಕೊಂಡು ಹೋಗ್ತಾರೆ.”