1804ರ ಡಾಲರಿನ ಜಾತಕ

ನಾಣ್ಯ ಸಂಗ್ರಹದ ಹುಚ್ಚು ಹಿಡಿದವರ ಮುಂದೆ ಸುಮ್ಮನೆ ‘1804ರ ಬೆಳ್ಳಿ ಡಾಲರ್’ ಅಂದು ನೋಡಿ, ಕಣ್ಣರಳುತ್ತದೆ. ಅಮೆರಿಕದವರು ಅದನ್ನು ತಮ್ಮ ನಾಣ್ಯಗಳ ರಾಜ ಅಂತಲೇ ಕರೆಯುತ್ತಾರೆ. ರಾಜನ ಜಾತಕ ಬಿಡಿಸಿದರೆ ಮಾತ್ರ ನಗು ಬರುತ್ತದೆ: ಈ ಮಹಾಶಯ 1804ರಲ್ಲಿ ಹುಟ್ಟೇ ಇರಲಿಲ್ಲ!

ಆ ವರ್ಷ ಫಿಲಡೆಲ್ಫಿಯಾದ ಟಂಕಸಾಲೆ 19,570 ಡಾಲರ್ ಹೊಡೆದದ್ದೇನೋ ನಿಜ. ಆದರೆ ಹಳೆಯ ಅಚ್ಚು ಇನ್ನೂ ಗಟ್ಟಿಯಾಗಿದೆಯಲ್ಲ, ಎಸೆಯುವುದೇಕೆ? ಹಳೆಯ ಇಸವಿಯೇ ಬಿತ್ತು. ಆಮೇಲೆ ಡಾಲರ್ ಹೊಡೆಯುವುದೇ ನಿಂತಿತು. 1834ರಲ್ಲಿ ಸಯಾಮಿನ ರಾಜನಿಗೂ ಮಸ್ಕತ್ತಿನ ಸುಲ್ತಾನನಿಗೂ ನಾಣ್ಯಗಳ ಉಡುಗೊರೆ ಕಳಿಸಬೇಕಾಗಿ ಬಂತು. ಕಡತದ ಲೆಕ್ಕದಲ್ಲಿ ಕೊನೆಯ ಡಾಲರ್ 1804ರದ್ದು. ಸರಿ, ಅದೇ ಇಸವಿ ಹಾಕಿ ಹೊಸದಾಗಿ ಹೊಡೆದರು. ಕಡತ ಹೇಳಿದ ಮೇಲೆ ಮುಗಿಯಿತು. ಸರ್ಕಾರಿ ಕಚೇರಿ ಯಾವ ದೇಶದ್ದಾದರೇನು!

ಸುಲ್ತಾನನಿಗೆ ಸಂದದ್ದೆನ್ನುವ ನಾಣ್ಯ 2021ರ ಹರಾಜಿನಲ್ಲಿ 76.8 ಲಕ್ಷ ಡಾಲರಿಗೆ ಹೋಯಿತು. ಬೆಲೆ ಕಟ್ಟಿದ್ದು ಒಂದು ಡಾಲರಿಗೆ, ನೆನಪಿರಲಿ. ನಿಜವಾಗಿ 1794ರಲ್ಲೇ ಹುಟ್ಟಿದ ಮೊದಲ ಡಾಲರುಗಳಲ್ಲೊಂದು 2013ರಲ್ಲಿ ಕೋಟಿ ಡಾಲರ್ ದಾಟಿತು. ಪ್ರಾಮಾಣಿಕತೆಗೂ ಅಲ್ಪಸ್ವಲ್ಪ ಬೆಲೆ ಇದೆ ಅನ್ನಿ.

ಇಷ್ಟಕ್ಕೇ ನಿಲ್ಲಲಿಲ್ಲ. 1858ರ ಸುಮಾರಿಗೆ ಟಂಕಸಾಲೆಯ ಒಳಗಿನವರೇ ಗುಟ್ಟಾಗಿ ಇನ್ನಷ್ಟು 1804ರ ಡಾಲರ್ ಹೊಡೆದುಕೊಂಡರು. ಅದರಲ್ಲೊಂದನ್ನು ಅಚ್ಚೊತ್ತಿದ್ದು 1857ರ ಸ್ವಿಸ್ ನಾಣ್ಯದ ಮೇಲೆ! ಹಳೆಯ ಗುರುತು ಅಡಿಯಲ್ಲಿ ಇಣುಕುತ್ತಲೇ ಉಳಿಯಿತು. ಆ ನಾಣ್ಯ ಈಗ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿ ರಾಜಮರ್ಯಾದೆ ಪಡೆಯುತ್ತಿದೆ. ಜೈಲಿಗೆ ಹೋಗಬೇಕಾದದ್ದು ಮ್ಯೂಸಿಯಮ್ಮಿಗೆ ಹೋಯಿತು, ಅಷ್ಟೆ.