ನಿಂತು ಕೇಳುವ ಕಛೇರಿ

ಬಸವನಗುಡಿಯಲ್ಲಿ ಬೆಳೆದು, ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರದಡಿ ಕಿವಿ ತಿದ್ದಿಸಿಕೊಂಡವನು ಊರಿನ ರಾಕ್ ಬ್ಯಾಂಡುಗಳ ಹಿಂದೆ ಬಿದ್ದರೆ ಮೊದಲು ಕಷ್ಟವಾಗುವುದು ಕಿವಿಗಲ್ಲ, ಮಂಡಿಗೆ. ಅವರು ನುಡಿಸುವ ಪಬ್ಬುಗಳಲ್ಲಿ ವೇದಿಕೆಯ ಮುಂದೆ ಕುರ್ಚಿ ಇರುವುದಿಲ್ಲ. ತಾಳ ಹಾಕೋಣವೆಂದರೆ ತೊಡೆ ಕೈಗೆಟುಕುವುದಿಲ್ಲ. ಎಟುಕಿದರೂ ಆ ಕೈಯಲ್ಲಿ ಊಟದಷ್ಟೇ ಬೆಲೆಯ ನಿಂಬೆ ಸೋಡ ಇರುತ್ತದೆ.

ಪೋಸ್ಟರಿನಲ್ಲಿ ಎಂಟು ಗಂಟೆ ಎಂದಿರುತ್ತದೆ. ಎಂಟಕ್ಕೆ ಹೋದರೆ ಡ್ರಮ್ಸ್ ಹುಡುಗ ಒಬ್ಬನೇ ಕೂತು ‘ಡುಬ್... ಡುಬ್...’ ಎಂದು ಒಂದೇ ಪೆಟ್ಟನ್ನು ಕುಟ್ಟುತ್ತಿರುತ್ತಾನೆ. ಗಿಟಾರಿನವನು ನೆಲಕ್ಕೆ ಮಂಡಿಯೂರಿ, ಹಲಗೆಯ ಮೇಲೆ ಸಾಲಾಗಿ ಅಂಟಿಸಿದ ಪೆಡಲುಗಳಲ್ಲಿ ಯಾವುದು ಸತ್ತಿದೆ ಎಂದು ಒಂದೊಂದೇ ವೈರು ಕಿತ್ತು, ಸಿಕ್ಕಿಸಿ ನೋಡುತ್ತಾನೆ. ಹಾಡುವವಳು ‘ಚೆಕ್ ಚೆಕ್, ಒನ್ ಟೂ’ ಅನ್ನುತ್ತಾಳೆ. ‘ತ್ರೀ’ವರೆಗೆ ಎಣಿಸಿದವರನ್ನು ನಾನಿನ್ನೂ ಕಂಡಿಲ್ಲ.

ಕೇಳಲು ಬಂದವರಲ್ಲಿ ಅರ್ಧ ಜನ ಬೇರೆ ಬ್ಯಾಂಡಿನವರೇ. ಕೈಕಟ್ಟಿ ನಿಂತು ಗಿಟಾರಿನವನ ಬೆರಳುಗಳನ್ನಷ್ಟೇ ನೋಡುತ್ತಾರೆ. ಮಿಕ್ಕವರು ಬಾಸ್ ನುಡಿಸುವವನ ಅಕ್ಕ, ಭಾವ, ಆಫೀಸಿನ ಗೆಳೆಯರು. ಇವರ ಜೊತೆಗೆ, ಹುಟ್ಟುಹಬ್ಬ ಆಚರಿಸಲು ಬಂದು ಸಿಕ್ಕಿಹಾಕಿಕೊಂಡ ಒಂದು ಟೇಬಲ್ ಇದ್ದೇ ಇರುತ್ತದೆ. ಬ್ಯಾಂಡು ತಿಂಗಳುಗಟ್ಟಲೆ ತಿದ್ದಿ ತೀಡಿದ ಸ್ವಂತ ಹಾಡು ಮುಗಿಸಿದ ಕೂಡಲೇ ಆ ಟೇಬಲ್ಲಿನಿಂದ ‘ಹೋಟೆಲ್ ಕ್ಯಾಲಿಫೋರ್ನಿಯಾ!’ ಎಂಬ ಕೂಗು ಏಳುತ್ತದೆ. ಡ್ರಮ್ಸ್ ಒಂಟಿಯಾಗಿ ಮೊಳಗುವಾಗ ಇವರೆಲ್ಲ ಹೊರಗೆ ಹೋಗುತ್ತಾರೆ. ಇಷ್ಟು ಮಾತ್ರ ನಮ್ಮ ರಾಮೋತ್ಸವದ ತನಿ ಆವರ್ತನದ ಹೊತ್ತಿನಂತೆಯೇ. ಅಲ್ಲಿ ಕಾಫಿ, ಇಲ್ಲಿ ಸಿಗರೇಟು.

ಬೆಂಗಳೂರಿಗೆ ಸ್ವಂತ ಹಾಡುಗಳಿಗೇನೂ ಬರವಿಲ್ಲ. 1996ರಲ್ಲಿ ಶುರುವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ 2012ರ ತನ್ನ ಆಲ್ಬಮ್ಮಿಗೆ ‘3 ವೀಲ್ಸ್ 9 ಲೈವ್ಸ್’ ಎಂದು ಹೆಸರಿಟ್ಟಿತು. ಇಲ್ಲಿನ ಆಟೋದಲ್ಲಿ ಕೂತವರಿಗೆ ಒಂಬತ್ತು ಜೀವ ಯಾಕೆ ಬೇಕೆಂದು ವಿವರಿಸಬೇಕಿಲ್ಲ. ‘ಸ್ವರಾತ್ಮ’ದ ವಾಸು ದೀಕ್ಷಿತ್ ಸೊಂಟಕ್ಕೆ ಕುದುರೆ ಕಟ್ಟಿಕೊಂಡೇ ವೇದಿಕೆಯಲ್ಲಿ ಕುಣಿದವರು. ಮೈಕ್ರೋಬಯಾಲಜಿ ಓದಿದ ಮೈಸೂರಿನ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಏರಿಸಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯವರೆಗೂ ಹೋಗಿ ಹಾಡಿಬಂದರು. ಅಂಥದೊಂದು ಹಾಡು ಕೇಳಿಸಿದಾಗ ನಮ್ಮ ಚಿಕ್ಕಮ್ಮ, “ಶರೀಫಜ್ಜನ ಪದಕ್ಕೆ ಇಷ್ಟೊಂದು ಕರೆಂಟು ಬೇಕೇನೋ?” ಎಂದು ಕೇಳಿದರು. ಮಾರನೆಯ ದಿನ ಹುರುಳಿಕಾಯಿ ಬಿಡಿಸುತ್ತಾ ಗುನುಗುತ್ತಿದ್ದದ್ದೂ ಅದನ್ನೇ.

ಬರ ಇರುವುದು ಜಾಗಕ್ಕೆ. ಈ ಊರಿನಲ್ಲಿ ಒಂದು ವೇದಿಕೆಯ ಮೇಲೆ ಪ್ರೀತಿ ಹುಟ್ಟುವುದಕ್ಕೂ ಅದರ ಬಾಗಿಲಿಗೆ ಬೀಗ ಬೀಳುವುದಕ್ಕೂ ಸರಿಹೋಗುತ್ತದೆ. ಇಂದಿರಾನಗರದ ‘ಹಮ್ಮಿಂಗ್ ಟ್ರೀ’ 2013ರಲ್ಲಿ ತೆರೆಯಿತು, 2019ರಲ್ಲಿ ಮುಚ್ಚಿತು. ಅದಕ್ಕೂ ಮೊದಲು, 2018ರ ಜನವರಿಯಲ್ಲಿ, ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪೊಲೀಸ್ ಲೈಸೆನ್ಸ್ ಬೇಕೆನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಯಾಬರೆಗೂ ಅದೇ ಆದೇಶ, ಕಣ್ಣುಮುಚ್ಚಿ ಪ್ರೇಮಭಂಗದ ಹಾಡು ಹಾಡುವ ಸಾಫ್ಟ್‌ವೇರ್ ಹುಡುಗನಿಗೂ ಅದೇ ಆದೇಶ. ಆ ವರ್ಷ ಎಷ್ಟೋ ಪಬ್ಬುಗಳಲ್ಲಿ ಗಿಟಾರು ಪೆಟ್ಟಿಗೆ ಸೇರಿತು. ‘ಲೈವ್ ಬ್ಯಾಂಡ್’ ಎಂದರೆ ಹೆಣ್ಣುಮಕ್ಕಳ ಕುಣಿತದ ಬಾರ್ ಎಂದೇ ತಿಳಿದಿದ್ದ ನಮ್ಮ ಪಕ್ಕದ ಮನೆ ರಾಯರು, ನಾನು ಲೈವ್ ಬ್ಯಾಂಡಿಗೆ ಹೋಗಿದ್ದೆ ಎಂದ ಮೇಲೆ ಪೇಪರ್ ಎರವಲು ಕೇಳುವುದನ್ನೂ ನಿಲ್ಲಿಸಿದರು. ಲಾಭವಾಯಿತೆಂದೇ ಹೇಳಬೇಕು.

ನೀವೂ ಒಮ್ಮೆ ಬನ್ನಿ. ಎಂಟಕ್ಕೇ ಬನ್ನಿ, ಯಾಕೆಂದರೆ ಮೊದಲು ಹತ್ತುವ ಬ್ಯಾಂಡನ್ನು ಕೇಳುವವರು ಯಾರೂ ಇರುವುದಿಲ್ಲ. ಬ್ಯಾಂಡಿನವರ ಪರಿಚಯವಿದ್ದರೂ ಟಿಕೆಟ್ ಕೊಂಡೇ ಒಳಗೆ ಬನ್ನಿ. ‘ಹೋಟೆಲ್ ಕ್ಯಾಲಿಫೋರ್ನಿಯಾ’ ಬೇಕಿದ್ದರೆ ದಯವಿಟ್ಟು ಮನೆಯಲ್ಲಿ ಕೇಳಿಕೊಳ್ಳಿ.